ಕೊನೆಯ ಬೆಂಚಿನಲ್ಲಿ ಕೂರಬಲ್ಲವರು

ನಲವತ್ತೊಂದು ಹೆಸರು. ಬೇಕಾದ್ದು ಆರು.
ಕೂಡಿಗೆಯಿಂದ ಬೆಳಗಿನ ಏಳರ ಬಸ್ಸು,
ಮಡಿಲಲ್ಲಿ ಪಟ್ಟಿ, ಪಟ್ಟಿಯ ಮೇಲೆ ಬುತ್ತಿ;
ಬುತ್ತಿಯ ಎಣ್ಣೆ ಇಳಿದು
ಮೂವರ ಸೇವಾವಧಿ ಆಗಲೇ ಪಾರದರ್ಶಕ.

ನಮ್ಮ ಹುಡುಗ ಹುಡುಗಿಯರನ್ನು
ಯಾರ ತರಗತಿಯಲ್ಲಿ ಬಿಡುವುದು?
ಸುತ್ತೋಲೆ ಹೇಳುತ್ತದೆ: ಹತ್ತು ವರ್ಷ ದಾಟಿರಬೇಕು,
ಫಲಿತಾಂಶ ಚೆನ್ನಾಗಿರಬೇಕು, ದೂರು ಇರಕೂಡದು.
ದೂರಿಲ್ಲದ ಮೇಷ್ಟ್ರು!
ಇಷ್ಟು ವರ್ಷದಲ್ಲಿ ನಾನು ಕಂಡದ್ದು ಇಬ್ಬರನ್ನು:
ಒಬ್ಬರು ಪಾಠವನ್ನೇ ಮಾಡುತ್ತಿರಲಿಲ್ಲ,
ಇನ್ನೊಬ್ಬರು ಗೋಡೆಯ ಮೇಲಿದ್ದರು, ಹಾರ ಹಾಕಿಸಿಕೊಂಡು.

ನಾಪೋಕ್ಲು ಬಳಿ ಮೊಣ್ಣಪ್ಪ ಮಾಸ್ತರು.
ಮೂವತ್ತೊಂದು ವರ್ಷ. ಪ್ರಶಸ್ತಿ. ಇಸ್ತ್ರಿಯ ಅಂಗಿ.
ಅವರ ಭಿನ್ನರಾಶಿಗೆ ಮಕ್ಕಳು ಉಸಿರು ಹಿಡಿಯುತ್ತಾರೆ;
ನಾನೂ ಹಿಡಿದೆ, ಸುಳ್ಳೇಕೆ.
ಕಿತ್ತಳೆ ಸುಲಿದು, ಹತ್ತು ತೊಳೆ ಮೇಜಿನ ಮೇಲೆ ಎಣಿಸಿಟ್ಟು,
ಮೂರನ್ನು ತಾವೇ ಬಾಯಿಗೆ ಹಾಕಿಕೊಂಡು
‘ಉಳಿದ ಭಾಗ ಎಷ್ಟ್ರಯ್ಯಾ?’
ಆಮೇಲೆ ನಮ್ಮ ಚರಣ ನಿಂತ.
ಮೂರನೇ ನಿಮಿಷಕ್ಕೆ ತಡವರಿಸಿದ:
ಛೇದ ಮೇಲೋ, ಕೆಳಗೋ.
ಮಾಸ್ತರು ಎದ್ದೇ ಬಿಟ್ಟರು. ಸೀಮೆಸುಣ್ಣ ಅವರ ಕೈಗೆ
ಗೂಡಿಗೆ ಹಕ್ಕಿ ಬಂದಷ್ಟು ಸಲೀಸಾಗಿ ಬಂತು.
ಪಾಠ ಉಳಿಯಿತು.
ಹುಡುಗ ಕಿಟಕಿ ಪಕ್ಕ ನಿಂತು
ಕಿತ್ತಳೆ ಸಿಪ್ಪೆಯನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ.

ಅವರ ಹೆಸರಿನ ಮುಂದೆ ಚುಕ್ಕಿ ಇಟ್ಟೆ.
ಗೀಟು ಎಳೆಯಲು ಕೈ ಬರಲಿಲ್ಲ.
ನಾನೂ ಕಿತ್ತುಕೊಂಡವಳೇ, ಎಷ್ಟೋ ಕೈಗಳಿಂದ;
ಒಬ್ಬಳು ಆಮೇಲೆ ಅಂಚೆ ಕಚೇರಿ ಸೇರಿದಳು.

ಸಿದ್ದಾಪುರದಾಚೆ ಲೈನ್‌ಮನೆಗಳ ನಡುವಿನ ಶಾಲೆ.
ಕಾಫಿ ಕೊಯ್ಲಿನ ತಿಂಗಳು, ಹಾಜರಿ ಅರ್ಧ.
ಆ ಅರ್ಧದಲ್ಲೂ ನಾಲ್ವರು
ಆನೆ ಸರಿಯಲಿ ಎಂದು ಕಾದು ಹತ್ತೂವರೆಗೆ ಬಂದರು.
ರುಖಿಯಾ ಟೀಚರು. ಸೇವೆ ಹದಿನಾಲ್ಕು.
ಪ್ರಶಸ್ತಿಯ ಕಾಲಂ ಖಾಲಿ.
‘ನನ್ನನ್ನು ಬಿಡಿ ಮೇಡಂ,’ ಅಂದರು ಬಾಗಿಲಲ್ಲೇ,
‘ಹತ್ತು ಬಿಡಿಸಿ ಕಳೆಯುವ ಲೆಕ್ಕ
ಈ ಮಕ್ಕಳಿಗೆ ಕಲಿಸಲು ನನಗಿನ್ನೂ ಬಂದಿಲ್ಲ.
ಮೂರು ಬಗೆಯಲ್ಲಿ ಮಾಡಿ ನೋಡಿದೆ.
ನಾಲ್ಕನೆಯದು ಹುಡುಕುತ್ತಾ ಇದ್ದೇನೆ.’

ಅಲ್ಲಿ ಪಾಠಕ್ಕೆ ನಿಂತವಳು ಭಾಗಮಂಡಲದ ನಿಷ್ಮಿತಾ.
ಲೆಕ್ಕ ಬರೆದು ಮಕ್ಕಳತ್ತ ತಿರುಗಿದಳು,
ಮಾತು ನಿಂತಿತು.
ಒಂದು ನಿಮಿಷ.
ಹೊರಗೆ ಕಣದಲ್ಲಿ ಯಾರೋ
ಒಣಗುವ ಕಾಫಿಯನ್ನು ಕಾಲಿಂದ ಎಳೆಯುವ ಸದ್ದು.
ಎರಡು ನಿಮಿಷ.
ನಾನು ನೋಡುತ್ತಿದ್ದದ್ದು ಹುಡುಗಿಯನ್ನಲ್ಲ.
ಕೊನೆಯ ಬೆಂಚಿನಲ್ಲಿ ರುಖಿಯಾ ಟೀಚರು
ಎಡಗೈಯಲ್ಲಿ ತಮ್ಮ ಬಲ ಮಣಿಕಟ್ಟನ್ನು
ಬಿಗಿಯಾಗಿ ಹಿಡಿದುಕೊಂಡಿದ್ದರು,
ರಸ್ತೆ ಬದಿಯಲ್ಲಿ ತುಂಟ ಮಗುವನ್ನು ಹಿಡಿದ ಹಾಗೆ.
ಬಳೆ ಒತ್ತಿ ಚರ್ಮ ಬೆಳ್ಳಗಾಗಿತ್ತು.

ಮುಂದಿನ ಸಾಲಿನಿಂದ ಯರವರ ಹುಡುಗ ಚುಬ್ರ ಎದ್ದ:
‘ಅಕ್ಕಾ, ಬಿಡಿ ಹಣ್ಣು ಸಾಲದಿದ್ರೆ
ರೈಟರು ಒಂದು ಮೂಟೆ ಬಿಚ್ಚಿಸ್ತಾರಲ್ಲ, ಹಂಗಾ?’
ನಿಷ್ಮಿತಾ ನಕ್ಕಳು.
‘ಹೌದೋ ಮಾರಾಯ. ಬಾ, ನೀನೇ ಬಿಚ್ಚು.’
ಟೀಚರ ಮಣಿಕಟ್ಟು ಬಿಡುಗಡೆಯಾಯಿತು,
ಪುಸ್ತಕದ ಅಂಚಿನಲ್ಲಿ ಏನೋ ಗೀಚಿತು.
ಬಗ್ಗಿ ನೋಡಿದೆ: ‘ನಾಲ್ಕನೆಯದು. ಚುಬ್ರನದು.’

ಸಂಜೆ ಕಚೇರಿಯಲ್ಲಿ ಶಿಫಾರಸಿಗೆ ಕಾರಣ ಬರೆಯಬೇಕು.
ಕಾಲಂ ಬೆರಳಗಲ.
‘ತಮ್ಮ ಕೈಯನ್ನು ತಾವೇ ಹಿಡಿದುಕೊಳ್ಳಬಲ್ಲರು’
ಎಂದು ಬರೆದೆ.
ಪ್ರಾಂಶುಪಾಲರು ಕನ್ನಡಕ ಎತ್ತಿ ಓದಿದರು.
‘ಏನ್ ಮೇಡಂ ಇದು, ವಾತವೇ?’
ಹೊಡೆದು ಹಾಕಿ ‘ಹದಿನಾಲ್ಕು ವರ್ಷದ ಅನುಭವ’
ಎಂದು ತಿದ್ದಿದರು.
ಇರಲಿ. ಅದೂ ಸುಳ್ಳೇನಲ್ಲ.

ಮೊಣ್ಣಪ್ಪ ಮಾಸ್ತರ ಚುಕ್ಕಿ ಹಾಗೇ ಇದೆ.
ಆ ಕಿತ್ತಳೆಯ ಪಾಠವನ್ನು ಎಲ್ಲರೂ ಒಮ್ಮೆ ನೋಡಲೇಬೇಕು,
ನೋಡಿ, ಎದ್ದು ಬಂದು,
ತಮ್ಮ ಹಣ್ಣು ತಾವು ಸುಲಿಯಬೇಕು.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಇನ್ನೂ ಐದು ಹೆಸರು.
ನಾಳೆ ಶನಿವಾರಸಂತೆಯ ಬಸ್ಸು.
ಬುತ್ತಿಗೆ ಬೇರೆ ಚೀಲ ತೆಗೆದುಕೊಳ್ಳಬೇಕು.